ಮಗ್ಗಿನ ತಳದ ಮೂತಿ

"ಮೂತಿ ಸೊಟ್ಟಗಿದೆಯಲ್ಲೇ, ಹಂದಿ. ನಿನ್ನ ಮೂತಿನೇ ನೆಟ್ಟಗಿಲ್ಲ, ಇನ್ನು ಮಗ್ಗಿಂದು ಎಲ್ಲಿಂದ ನೆಟ್ಟಗೆ ಬರ್ಬೇಕು?"

ಮ್ಯಾನೇಜರ್ ಆ ಮಗ್ಗನ್ನು ಎತ್ತಿ, ಅತ್ತೆಯ ಪಕ್ಕ ಕೆಲಸಕ್ಕೆ ನಿಂತಿದ್ದ ಸೊಸೆಯ ಮುಖಕ್ಕೆ ಹಿಡಿದ. ತಳಕ್ಕೆ ಅಂಟಿಸಿದ್ದ ಗುಲಾಬಿ ಬಣ್ಣದ ಹಂದಿಮೂತಿ ಕೂದಲೆಳೆಯಷ್ಟು ಎಡಕ್ಕೆ ಜಾರಿತ್ತು. ಉಗುರಿನಿಂದ ಅದನ್ನು ಕೆರೆದು, ಆ ಕೊಳಕನ್ನು ಅವಳ ತೋಳಿಗೇ ಒರೆಸಿದ.

ಈ ಮಗ್ಗಿನ ಮಜಾ ಇರುವುದೇ ತಳದಲ್ಲಿ. ಕುಡಿಯುವವರು ಮಗ್ಗೆತ್ತಿದರೆ ಎದುರಿಗೆ ಕೂತವರಿಗೆ ಅವರ ಮೂಗಿನ ಜಾಗದಲ್ಲಿ ಹಂದಿಯ ಮೂತಿ ಕಾಣುತ್ತದೆ. ಉಳ್ಳವರ ಮನೆಗಳಲ್ಲಿ ಇದನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರಂತೆ. ನಗಲಿ ಬಿಡಿ, ಯಾರು ಬೇಡ ಅಂದರು. ಇಲ್ಲಿ ಮಾತ್ರ ಒಂಬತ್ತು ಹೆಂಗಸರು ಬೆಳಗಿನಿಂದ ನಿಂತೇ ಇರುತ್ತಿದ್ದರು. ಅಚ್ಚಾದ ಹಾಳೆಯನ್ನು ಬೋಗುಣಿಯ ನೀರಲ್ಲಿ ನೆನೆಸಬೇಕು, ಚಿತ್ರದ ಪೊರೆ ಬಿಟ್ಟುಕೊಂಡ ಕೂಡಲೇ ಮೆಲ್ಲಗೆ ಮಗ್ಗಿನ ತಳಕ್ಕೆ ಜಾರಿಸಬೇಕು, ರಬ್ಬರ್ ಪಟ್ಟಿಯಿಂದ ಒತ್ತಿ ಗಾಳಿಗುಳ್ಳೆ ತೆಗೆಯಬೇಕು. ಆಮೇಲೆ ಅದು ಸುಡಲು ಭಟ್ಟಿಗೆ ಹೋಗುತ್ತದೆ. ಭಟ್ಟಿ ಗೋಡೆಯ ಆಚೆಗೇ ಇತ್ತು. ಗೋಡೆಗೆ ಬೆನ್ನು ತಾಗಿದರೆ ಬೊಬ್ಬೆ ಏಳಬೇಕು, ಅಂಥ ಶಾಖ. ಕೈ ದಿನವಿಡೀ ನೀರಲ್ಲಿ, ಬಾಯಿಗೆ ಒಂದು ಹನಿಯಿಲ್ಲ.

ಕುಡಿಯುವ ನೀರು ಒಳಗೆ ತರುವ ಹಾಗಿರಲಿಲ್ಲ. ಹಾಳೆ ಒದ್ದೆಯಾಗುತ್ತದಂತೆ. "ನೆನೆಸೋ ಹಾಳೆ ಒದ್ದೆಯಾದ್ರೆ ಯಾರ ಗಂಟು ಹೋಗುತ್ತೆ ಸಾರ್?" ಎಂದು ಅತ್ತೆ ಹಿಂದೊಮ್ಮೆ ಕೇಳಿದ್ದಳು. ಸೊಸೆಗಷ್ಟೇ ಅಲ್ಲ, ಆ ಕೋಣೆಗೆಲ್ಲ ಅವಳು ಅತ್ತೆಯೇ. ಆಗ ಮ್ಯಾನೇಜರ್ ನಿಜ ಕಾರಣ ಹೇಳಿದ್ದ: "ಕುಡಿದ್ರೆ ಉಚ್ಚೆಗೆ ಓಡ್ತೀರಿ. ಒಬ್ಬಳು ಒಂದ್ಸಲ ಓಡಿದ್ರೆ ಹತ್ತು ಮೂತಿ ಕಮ್ಮಿ."

ಸೊಸೆಗೆ ಈಗ ಏಳು ತಿಂಗಳು. ಹೋದ ಸಲದ ಬಸಿರು ಐದಕ್ಕೇ ಇಳಿದುಹೋಗಿತ್ತು. ನಿನ್ನೆ ಕಣ್ಣು ಕತ್ತಲೆ ಬಂದು ಮೇಜಿನ ಕೆಳಗೆ ಕುಸಿದಿದ್ದಳು. ಮೈಯಲ್ಲಿ ನೀರಿಲ್ಲ, ಹೀಗೇ ಆದರೆ ಮಗು ಉಳಿಯಲ್ಲ ಎಂದು ಆಸ್ಪತ್ರೆಯ ದಾದಿ ಬೈದು ಕಳಿಸಿದ್ದಳು. ಅತ್ತೆಗೆ ರಾತ್ರಿಯೆಲ್ಲ ಭಯ. ಅದಕ್ಕೇ ಇವತ್ತು ಕೈಯೊರೆಸಿಕೊಂಡು ಮ್ಯಾನೇಜರ್ ಮುಂದೆ ನಿಂತಳು.

"ಸಾರ್, ಒಂದು ಕೊಡ ನೀರು ಇಟ್ಕೊಳ್ಳೋಕೆ ಬಿಡಿ. ನಮಗೆ ಬೇಡ, ಇವಳಿಗೆ. ಆ ಮೂಲೇಲಿ ಇಡ್ತೀವಿ."

ಅವನು ಬೈಯಲಿಲ್ಲ, ನಕ್ಕ. ಅತ್ತೆಗೆ ಹೆದರಿಕೆಯಾದದ್ದು ಅದಕ್ಕೇ. ಮಗ್ಗಿನ ಹೊಸ ಡಬ್ಬಿಯ ಮೇಲೆ ಅಚ್ಚು ಹಾಕಲು ಫೋಟೋ ತೆಗೆಯುವವನು ಆಫೀಸಲ್ಲಿ ಕಾಯುತ್ತಿದ್ದ, ಅವನನ್ನು ಕರೆತಂದ. ಬರುವಾಗ ಒಂದು ತಣ್ಣನೆ ನೀರಿನ ಬಾಟಲಿಯನ್ನೂ ಹಿಡಿದು ಬಂದ.

"ನೀರು ಬೇಕಲ್ವಾ, ಕೊಡೋಣ. ಮೊದ್ಲು ಒಂದು ಫೋಟೋ."

"ನಾನು ನಿಲ್ತೀನಿ ಸಾರ್," ಅತ್ತೆ ಮುಂದೆ ಬಂದಳು.

"ನಿನ್ನ ಸುಕ್ಕು ಮೋರೆ ನೋಡಿ ಯಾವನು ಮಗ್ಗು ತಗೋತಾನೆ, ಮುದುಕಿ. ಅವಳು ನಿಲ್ಲಲಿ. ಹಂದಿಗೆ ತಕ್ಕ ಹೊಟ್ಟೆನೂ ಇದೆ."

ಮೇಜಿನ ಆ ತುದಿಯಲ್ಲಿ ಒಬ್ಬಳು ಕಿಸಕ್ಕೆಂದಳು. ಅವಳಿಗೂ ಕೆಲಸ ಉಳಿಯಬೇಕಲ್ಲ.

ಸೊಸೆಯನ್ನು ಎದುರಿನ ಗೋಡೆಗೆ ನಿಲ್ಲಿಸಿ, ಸುಟ್ಟು ಬಂದ ಮಗ್ಗೊಂದನ್ನು ಕೈಗೆ ಕೊಟ್ಟರು. ನೀರಿರುತ್ತದೆ ಎಂದು ಅವಳು ಆಸೆಯಿಂದ ಒಳಗೆ ಇಣುಕಿದಳು. ಖಾಲಿ.

"ನೀರಿದ್ರೆ ಚೆಲ್ಲುತ್ತೆ," ಅಂದ ಫೋಟೋದವನು. "ಕುಡಿಯೋ ಹಾಗೆ ಮಾಡಮ್ಮ. ಇನ್ನೂ ಮೇಲೆತ್ತು. ಕಣ್ಣು ನಗ್ತಾ ಇರ್ಬೇಕು."

ಎತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು. ಅವಳ ಹೊಟ್ಟೆಯ ಮೇಲೆ ಬೆಳಕು ಬೀಳುವ ಹಾಗೆ ಮ್ಯಾನೇಜರ್ ತಾನೇ ಭುಜ ಹಿಡಿದು ತಿರುಗಿಸಿದ. ಅತ್ತೆ ನೋಡುತ್ತ ನಿಂತಿದ್ದಳು, ಬೇರೆ ಏನು ಮಾಡಿಯಾಳು.

"ಏನ್ ಸೆಕೆ ಸಾರ್ ಇಲ್ಲಿ. ಇವರೆಲ್ಲ ಹೇಗಿರ್ತಾರೆ?" ಎಂದು ಫೋಟೋದವನು ಬೆವರೊರೆಸಿಕೊಂಡ. ಮ್ಯಾನೇಜರ್ ಮರ್ಯಾದೆಗೆ ಬಾಟಲಿಯನ್ನು ಅವನ ಕೈಗಿತ್ತ. ಇಲ್ಲಿರುವ ನೀರು ಇದೊಂದೇ ಎಂದು ಪಾಪ, ಅವನಿಗೇನು ಗೊತ್ತು. ಗಟಗಟ ಕುಡಿದು, ಉಳಿದದ್ದನ್ನು ಕತ್ತಿನ ಹಿಂದೆ ಸುರಿದುಕೊಂಡ.

ಮ್ಯಾನೇಜರ್ ಬಾಟಲಿ ಅಲುಗಿಸಿ ನೋಡಿದ. "ಮುಗೀತಲ್ಲ. ನಾಳೆ ನೋಡೋಣ."

ಸೊಸೆ ಮೇಜಿಗೆ ಬಂದವಳೇ ಮಗ್ಗನ್ನು ಬೋಗುಣಿಗೆ ಅದ್ದಿದಳು. ಅಂಟು ಕದಡಿ ಲೋಳೆಯಾದ ನೀರು, ಮೇಲೆ ಗುಲಾಬಿ ಬಣ್ಣದ ಚೂರು ತೇಲುತ್ತಿತ್ತು. ತುಟಿಗೆ ತಂದಳು. ಅತ್ತೆ ಅವಳ ಮಣಿಕಟ್ಟು ಹಿಡಿದಳು.

"ಬೇಡ ಕಣೇ. ಮಗು ಇದೆ ಒಳಗೆ."

"ನಾಲಗೆ ಅಂಟ್ಕೊಂಡಿದೆ ಅತ್ತೆ. ಒಂದೇ ಗುಟುಕು."

ಅವಳಿಗೆ ಕೊಡಲು ಅತ್ತೆಯ ಹತ್ತಿರ ಏನೂ ಇರಲಿಲ್ಲ. ಮಗ್ಗು ಕಿತ್ತುಕೊಂಡು ಮ್ಯಾನೇಜರ್ ಕಡೆ ತಿರುಗಿದಳು. ತಲೆ ಹಿಂದಕ್ಕೆ ಚಾಚಿ, ತಳ ಪೂರ್ತಿ ಅವನಿಗೆ ಕಾಣುವ ಹಾಗೆ ಎತ್ತಿ, ಕೊನೆಯ ಹನಿಯವರೆಗೆ ಕುಡಿದಳು. ಕಹಿ ಗಂಟಲಿಗೆ ಮೆತ್ತಿಕೊಂಡಿತು.

"ಏಯ್ ಮುದುಕಿ, ತಲೆ ಕೆಟ್ಟಿದೆಯಾ? ವಿಷ ಅದು."

"ತೆಗೀರಿ ಫೋಟೋ," ಅಂದಳು ಅತ್ತೆ.

ಫೋಟೋದವನು ಕ್ಯಾಮೆರಾ ಎತ್ತಲಿಲ್ಲ. ಯಾರೂ ನಗಲಿಲ್ಲ. ಅತ್ತೆ ಮತ್ತೆ ಬೋಗುಣಿಗೆ ಅದ್ದಿ, ಮತ್ತೆ ಮೂತಿ ಮ್ಯಾನೇಜರ್ ಕಡೆ ಮಾಡಿ ಎತ್ತಿದಳು. ಪಕ್ಕದಲ್ಲಿ ನಿಂತ ಸೊಸೆ ಅವಳ ಗಂಟಲು ಏರಿಳಿಯುವುದನ್ನೇ ನೋಡುತ್ತ, ತಾನೂ ಬರಿಗಂಟಲಲ್ಲಿ ನುಂಗುತ್ತಿದ್ದಳು.