ನೆಲಕ್ಕಿಳಿದವಳ ಮಂಚ

ನಾನು ಒಂದು ಮಂಚ. ಇಬ್ಬರು ಮಲಗುವ ಮಂಚ ಎಂದು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನನ್ನ ಆಯುಷ್ಯದ ದೊಡ್ಡ ಪಾಲು ಒಬ್ಬರನ್ನು ಹೊತ್ತೋ, ಯಾರೂ ಇಲ್ಲದ ಬರಿಯ ಹಾಸಿಗೆಯನ್ನು ಹೊತ್ತೋ ಕಳೆದುಹೋಗಿದೆ. ಈಗ ನೋಡಿದವರಿಗೆ ನಾನು ಯಾತಕ್ಕಾಗಿ ಇಷ್ಟು ಅಗಲ ಇದ್ದೇನೆ ಎಂಬುದೇ ತಿಳಿಯುವುದಿಲ್ಲ.

ನನ್ನ ಮೈ ಹಳಿಯಾಳದ ಕಡೆಯ ಸಾಗವಾನಿ. ಧಾರವಾಡದ ಮಾಳಮಡ್ಡಿಯಲ್ಲಿ ಮುಧೋಳಕರ ವಕೀಲರ ಮದುವೆ ಗೊತ್ತಾದಾಗ ಮೌನೇಶಪ್ಪ ಎಂಬ ಬಡಗಿ ಅವರ ಪಡಸಾಲೆಯಲ್ಲೇ ಕೂತು ನನ್ನನ್ನು ಮಾಡಿದ. ಆಗಿನ ಬಡಗಿಗಳ ರೀತಿಯೇ ಹಾಗೆ. ಮನೆಗೇ ಬಂದು, ಹೊತ್ತು ಹೊತ್ತಿಗೆ ಚಹ ಕುಡಿದು, ಆ ಮನೆಯ ಜಗಳಗಳನ್ನೆಲ್ಲ ಕೇಳಿಯೂ ಕೇಳದವರಂತೆ ಕೆಲಸ ಮಾಡುತ್ತಿದ್ದರು. ಎತ್ತರದ ನಾಲ್ಕು ಕಾಲುಗಳನ್ನು ಗುಂಡಗೆ ಕಡೆದು ಕೂಡಿಸಿದ. ತಲೆಯ ಕಡೆಯ ಹಲಗೆಯ ಮೇಲೆ ಎರಡು ಗಿಳಿ ಕೆತ್ತಿದ. ಒಂದು ಗಿಳಿಯ ಕೊಕ್ಕು ದಪ್ಪ ಬಂತು. ವಕೀಲರ ತಾಯಿ ಅದನ್ನು ನೋಡಿ, ಇದು ಗಂಡು ಇರಬೇಕು, ಬಿಡು ಎಂದರು.

ಮಂಚ ಎಂದರೆ ಮನುಷ್ಯರು ಬಾಯಿ ತೆರೆದು ಬೀಳುವ ಜಾಗ. ಕೋರ್ಟಿನಲ್ಲಿ ಗುಡುಗುತ್ತಿದ್ದ ವಕೀಲರು ನನ್ನ ಮೇಲೆ ಮೊಣಕಾಲು ಮಡಚಿಕೊಂಡು ಮಗುವಿನಂತೆ ಮಲಗುತ್ತಿದ್ದರು. ಅವರ ಮಕ್ಕಳು ನನ್ನ ಮೇಲೆಯೇ ಬೆಳೆದರು. ಹಾಸಿಗೆಗೆ ಮೂತ್ರ ಮಾಡಿದರು, ಜ್ವರ ಬಂದು ನರಳಿದರು, ಗಿಳಿಗಳ ಕಣ್ಣಿಗೆ ಮಸಿ ತುಂಬಿದರು. ಎಲ್ಲವೂ ನನ್ನ ಮೇಲೆ ನಡೆಯಿತು, ಒಂದನ್ನು ಬಿಟ್ಟು.

ವಕೀಲರ ತಾಯಿಗೆ ಕೊನೆಗಾಲ ಬಂದಾಗ ಅದು ನನಗೆ ತಿಳಿಯಿತು. ಉಸಿರು ಎಳೆಯತೊಡಗಿದ್ದೇ ತಡ, ನಾಲ್ಕು ಜನ ಬಂದು ಆ ಮುದುಕಿಯನ್ನು ನನ್ನ ಮೇಲಿಂದ ಎತ್ತಿ ನೆಲಕ್ಕೆ ಇಳಿಸಿದರು. ಪ್ರಾಣ ಹೋಗುವುದು ಭೂಮಿಯ ಮೇಲೆಯೇ ಆಗಬೇಕಂತೆ. ಮಂಚದ ಮೇಲೆ ಹೋದರೆ ಜೀವ ನಡುವೆಯೇ ತೂಗಾಡುತ್ತದೆ, ಮಂಚವೂ ಕೆಡುತ್ತದೆ ಎಂದು ನಂಬಿಕೆ. ನನ್ನನ್ನು ಮಗ್ಗುಲಾಗಿಸಿ ಗೋಡೆಗೆ ಒರಗಿಸಿದರು. ಮುಂದೆ ವಕೀಲರಿಗೂ ಹಾಗೆಯೇ ಆಯಿತು. ಜೀವಮಾನವೆಲ್ಲ ಹೊತ್ತವನನ್ನು ಕೊನೆಯ ಗಳಿಗೆಯಲ್ಲಿ ಹೊರಗಿನವನಂತೆ ಸರಿಸಿಬಿಟ್ಟರಲ್ಲ ಎಂದು ನನಗೆ ಬಹಳ ನೋವಾಗಿತ್ತು. ಅದನ್ನು ಯಾರ ಬಳಿ ಹೇಳಲಿ?

ವಕೀಲರ ಮಕ್ಕಳು ಮನೆ ಮಾರಿದರು. ಅವರ ಹೊಸ ಕೋಣೆಗಳಿಗೆ ನಾನು ಹಿಡಿಸಲಿಲ್ಲ. ಹುಬ್ಬಳ್ಳಿಯ ಗುಜರಿಯವನು ನನ್ನ ಕೀಲು ಬಿಚ್ಚಿ, ಕಟ್ಟಿಗೆಯ ಹೊರೆಯಂತೆ ಕಟ್ಟಿ ಒಯ್ದ. ಅಲ್ಲಿ ತಗಡುಗಳ ನಡುವೆ ಎಷ್ಟು ಮಳೆಗಾಲ ಕಳೆದೆನೋ ಲೆಕ್ಕವಿಲ್ಲ. ಇಲಿಗಳು ಮಾತ್ರ ನನ್ನನ್ನು ವಿಚಾರಿಸಿಕೊಳ್ಳುತ್ತಿದ್ದವು.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವನು ಮಾನಪ್ಪ ಪತ್ತಾರ. ಧಾರವಾಡದ ಹೊಸಯಲ್ಲಾಪುರದಲ್ಲಿ ಅವನದು ಚಿಕ್ಕ ಮನೆ. ಹಿತ್ತಲಲ್ಲಿ ತಗಡು ಹೊದಿಸಿದ ಒಂದು ಚಪ್ಪರ, ಅದೇ ಅವನ ಕಾರ್ಖಾನೆ. ಹಳೆಯ ಕಪಾಟು, ಟೀಪಾಯಿ, ಆರಾಮಕುರ್ಚಿಗಳನ್ನು ತಂದು, ಮುರಿದದ್ದನ್ನು ಕೂಡಿಸಿ, ಮೇಲಿನ ಬಣ್ಣ ಕೆರೆದು, ಪಾಲಿಶ್ ಹಿಡಿದು ಮಾರುವುದು ಅವನ ಉದ್ಯೋಗ. ಅವನ ಹೆಂಡತಿ ರುಕುಮವ್ವ. ಮರವನ್ನು ಉಸುಕುಕಾಗದದಿಂದ ತಿಕ್ಕುವುದು, ಅರಗು ಕರಗಿಸಿದ ಸ್ಪಿರಿಟ್ಟಿನಲ್ಲಿ ಬಟ್ಟೆಯ ಉಂಡೆ ಅದ್ದಿ ಸುತ್ತು ಸುತ್ತಾಗಿ ಹಚ್ಚುವುದು ಅವಳ ಪಾಲಿನ ಕೆಲಸ. ನನ್ನ ಗಿಳಿಗಳ ಕಣ್ಣಿನ ಮಸಿಯನ್ನು ತೆಗೆದವಳು ಅವಳೇ. ಹಲ್ಲುಕಡ್ಡಿಯ ತುದಿಗೆ ಅರಿವೆ ಸುತ್ತಿ, ನಾಲಿಗೆ ಕಚ್ಚಿಕೊಂಡು, ಒಂದಿಡೀ ಮಧ್ಯಾಹ್ನ ಅದನ್ನೇ ಮಾಡಿದಳು.

ಆ ಇಬ್ಬರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಸಾಮಾನೂ ಇರಲಿಲ್ಲ. ಊರಿಗೆಲ್ಲ ಮೇಜು ಕುರ್ಚಿ ಮಾಡಿಕೊಡುವವರು ತಾವು ಚಾಪೆಯ ಮೇಲೆ ಉಣ್ಣುತ್ತಿದ್ದರು, ಚಾಪೆಯ ಮೇಲೆ ಮಲಗುತ್ತಿದ್ದರು. ಬಂದ ನೆಂಟರನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದರೆ, ಅವರು ಚಹ ಮುಗಿಸುವುದರೊಳಗೆ ಗಿರಾಕಿ ಬಂದು ಅದನ್ನೇ ತೋರಿಸಿ ಎನ್ನುತ್ತಿದ್ದ. ರುಕುಮವ್ವ ನಗುತ್ತಲೇ ನೆಂಟರನ್ನು ಎಬ್ಬಿಸುತ್ತಿದ್ದಳು. ಮಂಚ ನೋಡಲು ಬಂದವರದು ಒಂದೇ ಪ್ರಶ್ನೆ, ಇದರ ಮೇಲೆ ಯಾರಾದರೂ ಸತ್ತಿದ್ದಾರೆಯೇ ಎಂದು. ಮಾನಪ್ಪ ಸುಳ್ಳು ಹೇಳುವವನಲ್ಲ. ಎಲ್ಲಿಂದ ಬಂದದ್ದು, ಯಾರ ಮನೆಯದು ಎಂಬುದನ್ನೆಲ್ಲ ವಿಚಾರಿಸಿಕೊಂಡೇ ತರುತ್ತಿದ್ದ. ಸಂಶಯ ಬಂದರೆ ಆ ಮಂಚವನ್ನು ಒಡೆದು ಬೆಂಚು ಮಾಡುತ್ತಿದ್ದ.

ನನ್ನ ಕೆಲಸ ಮುಗಿದ ದಿನ ಕೀಲು ಗಟ್ಟಿ ಇದೆಯೇ ನೋಡಲೆಂದು ರುಕುಮವ್ವ ನನ್ನ ಮೇಲೆ ಮಲಗಿದಳು. ಹಾಗೆಯೇ ನಿದ್ದೆ ಹೋದಳು. ಎದ್ದವಳು, ಇದೊಂದನ್ನು ಮಾರಬೇಡಿ ಎಂದು ಕೇಳಿದಳು. ಮಾನಪ್ಪ ಆಗಲೇ ನನ್ನನ್ನು ಒಳಕೋಣೆಗೆ ಸಾಗಿಸಿದ. ಆ ಮನೆಯಲ್ಲಿ ಮಾರಲಿಕ್ಕಲ್ಲದ ಸಾಮಾನು ನಾನೊಬ್ಬನೇ. ನನಗೆ ಎಷ್ಟು ಜಂಬ ಬಂತೆಂದರೆ, ಹಿತ್ತಲ ಕಪಾಟುಗಳನ್ನು ಕಂಡು ಅಯ್ಯೋ ಪಾಪ ಎನ್ನುತ್ತಿದ್ದೆ. ಅವರಿಬ್ಬರೂ ನನ್ನ ಮೇಲೆ ಮಲಗಿ, ನಾಳೆ ಯಾವ ಕುರ್ಚಿಗೆ ಯಾವ ಕಾಲು ಎಂದು ಮಾತಾಡುತ್ತ ಮಾತಾಡುತ್ತ ನಿದ್ದೆ ಹೋಗುತ್ತಿದ್ದರು. ನನ್ನ ಒಳ್ಳೆಯ ಕಾಲ ಎಂದರೆ ಅದು.

ಒಂದು ವರ್ಷ ಶ್ರಾವಣದಲ್ಲಿ ರುಕುಮವ್ವನಿಗೆ ಜ್ವರ ಹಿಡಿಯಿತು. ಇಳಿಯಿತು ಎನ್ನುವಷ್ಟರಲ್ಲಿ ಮತ್ತೆ ಏರಿತು. ಮೈ ಒಣಗಿ ಕಟ್ಟಿಗೆಯಾಯಿತು. ಮನೆಗೆ ಬಂದ ಡಾಕ್ಟರು ನಾಡಿ ಹಿಡಿದು ನೋಡಿ, ಬರುವವರಿದ್ದರೆ ಕರೆಸಿಕೊಳ್ಳಿ ಎಂದು ಹೇಳಿ ಹೋದರು. ಗದಗದಿಂದ ಮಾನಪ್ಪನ ಅಕ್ಕ ಈರವ್ವ ಬಂದಳು. ಸಾವಿನ ಮನೆಯಲ್ಲಿ ಎಲ್ಲರೂ ಕೈಚೆಲ್ಲಿ ಕೂತಾಗ ಮುಂದೆ ನಿಂತು ಎಲ್ಲವನ್ನೂ ನಡೆಸುವ ಗಟ್ಟಿಗಿತ್ತಿ ಅವಳು. ಕೆಟ್ಟವಳಲ್ಲ. ರುಕುಮವ್ವನ ಉಸಿರನ್ನು ಸ್ವಲ್ಪ ಹೊತ್ತು ನೋಡಿದಳು, ಉಗುರು ಒತ್ತಿ ನೋಡಿದಳು, ಆಮೇಲೆ ಆಕೆಯನ್ನು ನೆಲಕ್ಕೆ ಇಳಿಸಿರಿ ಎಂದಳು. ಮಾನಪ್ಪ ಕೂತಲ್ಲಿಂದ ಏಳಲಿಲ್ಲ.

“ತಡಾ ಮಾಡಬ್ಯಾಡೋ ಮಾನಪ್ಪ,” ಎಂದಳು ಈರವ್ವ. “ಮ್ಯಾಲೇ ಜೀವಾ ಹೋತಂದ್ರ ಮಂಚ ಕೆಡತೈತಿ. ನಾಳೆ ಇದನ್ನ ಯಾರ ತಗೋತಾರ?”

ಮಾನಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಎದ್ದು ಬಂದು ಹೆಂಡತಿಯ ತಲೆಯ ಕಡೆ ಕೈಹಾಕಿ, ಹಿಡಿಯಿರಿ ಎಂದ.

ರುಕುಮವ್ವನ ಕಣ್ಣು ಮುಚ್ಚಿದ್ದವು. ಅವಳಿಗೆ ಎಚ್ಚರವಿಲ್ಲವೆಂದು ಎಲ್ಲರೂ ತಿಳಿದಿದ್ದರು. ಆದರೆ ಈರವ್ವನ ಮಾತು ಮುಗಿಯುತ್ತಿದ್ದಂತೆ ಅವಳ ಎಡಗೈ ಬೆರಳುಗಳು ನನ್ನ ಅಂಚನ್ನು ಹಿಡಿದುಕೊಂಡವು. ಗಟ್ಟಿಯಾಗಿಯೇ ಹಿಡಿದುಕೊಂಡವು. ಎತ್ತುವಾಗ ಯಾರೋ ಅವನ್ನು ಒಂದೊಂದಾಗಿ ಬಿಡಿಸಿದರು. ಅವಳಿಗೆ ಎಲ್ಲ ಕೇಳಿಸುತ್ತಿದೆ ಎಂದು ಗೊತ್ತಿದ್ದದ್ದು ನನಗೊಬ್ಬನಿಗೇ. ಮರಕ್ಕೆ ಬಾಯಿ ಎಲ್ಲಿದೆ?

ನೆಲಕ್ಕೆ ಇಳಿಸಿ ಬಾಯಿಗೆ ತುಳಸಿಯ ನೀರು ಬಿಟ್ಟರು. ಅವಳು ನುಂಗಿದಳು. ಮತ್ತೆ ಬಿಟ್ಟರು, ಕೆಮ್ಮಿದಳು. ಸಂಜೆಯಾಗುವುದರೊಳಗೆ ಕಣ್ಣು ತೆರೆದು, ಒಂದಿಷ್ಟು ಮಜ್ಜಿಗೆ ಬೇಕು ಎಂದಳು. ಅಳಲೆಂದು ಬಂದವರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಬಿದಿರು ತರಲು ಹೋದವನನ್ನು ಹಿಂದಕ್ಕೆ ಕರೆತರಲು ಇನ್ನೊಬ್ಬ ಓಡಿದ. ಈರವ್ವ ಮಾತ್ರ ನಿಜವಾದ ಸಂತೋಷದಿಂದ ಮಜ್ಜಿಗೆ ಕಡೆದು ಕುಡಿಸಿದಳು.

ದೀಪಾವಳಿಯ ಹೊತ್ತಿಗೆ ರುಕುಮವ್ವ ಎದ್ದು ಓಡಾಡುವಂತಾದಳು. ಮಾನಪ್ಪ ಹೊಸ ಅರಳೆಯ ಹಾಸಿಗೆ ಮಾಡಿಸಿ ನನ್ನ ಮೇಲೆ ಹಾಸಿದ. ಅವಳು ಅದನ್ನು ಕೈಯಿಂದ ಒತ್ತಿ ನೋಡಿ, ಚೆನ್ನಾಗಿದೆ ಎಂದು ಹೇಳಿ, ಕೆಳಗೆ ತನ್ನ ಚಾಪೆ ಬಿಡಿಸಿದಳು. ಒಮ್ಮೆ ಇಳಿದಿದ್ದೇನೆ, ಇನ್ನು ಏರುವುದಿಲ್ಲ ಎಂದಳು. ಕೋಪವಿಲ್ಲ, ಅಳುವಿಲ್ಲ. ಮಾನಪ್ಪನೂ ಕೆಳಗೆ ಚಾಪೆ ಹಾಸಿಕೊಂಡ. ನಾನು ಅವರ ಪಕ್ಕದಲ್ಲಿ ಹೊಸ ಹಾಸಿಗೆ ಹೊತ್ತು ಮದುವೆ ಮುರಿದ ಮನೆಯ ಚಪ್ಪರದಂತೆ ನಿಂತೆ. ಅವಳು ನನ್ನ ಮೇಲೆ ಕೌದಿ ಒಟ್ಟಿದಳು, ಒಣಗಿದ ಬಟ್ಟೆ ಒಟ್ಟಿದಳು. ಒರೆಸುವಾಗ ಮಾತ್ರ ಮೊದಲಿನಂತೆಯೇ ಪ್ರೀತಿಯಿಂದ ಒರೆಸುತ್ತಿದ್ದಳು. ಅದು ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಮಾನಪ್ಪ ಪೂಜಾರಿಯನ್ನು ಕರೆಸಿ ನನಗೆ ಅರಿಶಿನ ಕುಂಕುಮ ಹಚ್ಚಿಸಿದ. ಅವಳು ಆರತಿ ಮಾಡಿದಳು, ಏರಲಿಲ್ಲ. ಕೊನೆಗೊಂದು ದಿನ, ಅವನು ಊಟ ಮುಗಿಸಿ ಕೈತೊಳೆದು ಬಂದಾಗ, ಅವಳೇ ಕೇಳಿದಳು.

“ಅವತ್ತ ಇಳಿಸಿದ್ದು ನನ್ನ ಸಲುವಾಗೋ, ಮಂಚದ ಸಲುವಾಗೋ?”

ಅವನು ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಂಡ. “ನನಗ ಗೊತ್ತಿಲ್ಲ ರುಕುಮಿ,” ಎಂದ.

ಹುಚ್ಚಪ್ಪ! ನಿನ್ನ ಸಲುವಾಗಿ ಎಂದು ಹೇಳಿಬಿಟ್ಟಿದ್ದರೆ ಅವಳು ಅಂದೇ ಏರುತ್ತಿದ್ದಳೋ ಏನೋ. ಆದರೆ ಬಿರುಕು ಬಿಟ್ಟ ಹಲಗೆಗೆ ಬಣ್ಣ ಬಳಿದು ಮಾರಲಾರದವನು ಹೆಂಡತಿಯ ಮುಂದೆ ಹೇಗೆ ಬಳಿದಾನು? ಆ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿ ಅಕ್ಕನ ಮಾತೂ ಇತ್ತು, ಹೆಂಡತಿಯ ಸದ್ಗತಿಯೂ ಇತ್ತು, ಎಷ್ಟೋ ವರ್ಷ ಗಿರಾಕಿಗಳಿಗೆ ಉತ್ತರ ಹೇಳಿ ಹೇಳಿ ಕಟ್ಟಿಹೋದ ಅಭ್ಯಾಸವೂ ಇತ್ತು. ಯಾವುದು ಕೈಯನ್ನು ಎತ್ತಿಸಿತು ಎಂದು ಅವನಿಗೇ ತಿಳಿಯದು. ರುಕುಮವ್ವ ತಲೆಯಾಡಿಸಿ ತಾಟು ಎತ್ತಿಕೊಂಡು ಹೋದಳು.

ಮರುದಿನ ಅವನು ಗರಗಸ ತಂದ. ಬಡಗಿಗೆ ಯಾವ ಸಂಕಟ ಬಂದರೂ ಕೈ ಹೋಗುವುದು ಗರಗಸದ ಕಡೆಗೇ. ನನ್ನನ್ನು ಮಗುಚಿ ಹಾಕಿ, ಮೌನೇಶಪ್ಪ ಕಡೆದ ಆ ಚೆಂದದ ಕಾಲುಗಳನ್ನು ಅರ್ಧಕ್ಕಿಂತ ಮೇಲೆ ಕೊಯ್ದ. ನೋವು ನನಗೆ ಆಯಿತು, ಕಣ್ಣೀರು ಅವನಿಗೆ ಬಂತು. ಎಬ್ಬಿಸಿ ನಿಲ್ಲಿಸಿದಾಗ ನಾನು ನೆಲದಿಂದ ಒಂದೇ ಗೇಣು ಎತ್ತರದಲ್ಲಿದ್ದೆ. ರುಕುಮವ್ವ ಹಿತ್ತಲಿಂದ ಬಂದು ನೋಡಿ ಎದೆ ಹಿಡಿದುಕೊಂಡಳು. ಇನ್ನು ಇದನ್ನು ಯಾರು ಕೊಳ್ಳುತ್ತಾರೆ ಎಂದಳು. ಯಾರೂ ಕೊಳ್ಳಬಾರದೆಂದೇ ಕೊಯ್ದೆ ಎಂದ ಅವನು. ಅವಳಿಗೆ ಮಾತು ನಾಟಿತು, ನಾನು ಕಂಡೆ. ಕೊಯ್ದು ಬಿದ್ದ ತುಂಡುಗಳನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಆದರೂ ರಾತ್ರಿ ಚಾಪೆಯನ್ನೇ ಬಿಡಿಸಿದಳು. ಎತ್ತರ ತಗ್ಗಿಸಿದ ಮಾತ್ರಕ್ಕೆ ಆಗುವ ಕೆಲಸವಾಗಿರಲಿಲ್ಲ ಅದು.

ವರ್ಷಗಳು ಹೋದವು. ಹಗಲೆಲ್ಲ ಇಬ್ಬರೂ ಚಪ್ಪರದಡಿ ಒಟ್ಟಿಗೆ ದುಡಿಯುತ್ತಿದ್ದರು, ಒಂದೇ ತಾಟಿನಿಂದ ಚುರುಮುರಿ ತಿನ್ನುತ್ತಿದ್ದರು. ಹಾಸಿಗೆಯ ಹೊತ್ತಿಗೆ ಮಾತ್ರ ಬೇರೆ ಬೇರೆ. ಮಾನಪ್ಪನಿಗೆ ಮೊಣಕಾಲು ಹಿಡಿದ ಮೇಲೆ ಅವಳೇ ಒತ್ತಾಯ ಮಾಡಿ ಅವನನ್ನು ನನ್ನ ಮೇಲೆ ಮಲಗಿಸಿದಳು. ಅವನು ಒಂದು ಅಂಚಿಗೆ ಸರಿದು ಮಲಗುತ್ತಿದ್ದ. ಗೋಡೆಯ ಕಡೆಯ ಅರ್ಧ ಖಾಲಿ. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವನು ನಿದ್ದೆಗಣ್ಣಿನಲ್ಲಿ ಕೂಡ ಆ ಕಡೆಗೆ ಉರುಳಲಿಲ್ಲ. ಒಂದು ಕೈ ಮಾತ್ರ ಕೆಳಗೆ ಇಳಿಬಿದ್ದಿರುತ್ತಿತ್ತು. ಅವಳ ಚಾಪೆ ಅಷ್ಟು ಹತ್ತಿರವಿರಲಿಲ್ಲ.

ಹೋದ ಮಾಘದಲ್ಲಿ ಒಂದು ಕಪಾಟಿನ ಬಾಗಿಲು ಕೂಡಿಸುತ್ತಿದ್ದಾಗ ಮಾನಪ್ಪ ಹಾಗೆಯೇ ಕುಸಿದ. ಲಕ್ವ ಹೊಡೆದಿತ್ತು. ಮಾತು ಹೋಯಿತು, ಬಲಗೈ ಹೋಯಿತು. ನನ್ನ ಮೇಲೆ ತಂದು ಮಲಗಿಸಿದರು. ಕೆಲವು ದಿನ ಗಂಜಿ ನುಂಗಿದ. ಆಮೇಲೆ ಅದೂ ನಿಂತು, ಒಂದು ಮಧ್ಯಾಹ್ನ ಉಸಿರು ಎಳೆಯತೊಡಗಿತು. ಈರವ್ವ ಕೋಲೂರಿಕೊಂಡು ಬಂದಿದ್ದಳು. ಬೆನ್ನು ಬಾಗಿತ್ತು, ಧ್ವನಿ ಬಾಗಿರಲಿಲ್ಲ. ಇಳಿಸಿರಿ, ಹೊತ್ತಾಯಿತು ಎಂದಳು. ನಾಲ್ಕು ಜನ ಮುಂದೆ ಬಂದರು. ಮಾನಪ್ಪನ ಕಣ್ಣು ತೆರೆದಿದ್ದವು. ಅವು ಯಾರನ್ನೂ ನೋಡುತ್ತಿರಲಿಲ್ಲ, ಕೆಳಗೆ ಚಾಪೆಯ ಮೇಲೆ ಕೂತಿದ್ದ ಹೆಂಡತಿಯನ್ನು ಮಾತ್ರ ನೋಡುತ್ತಿದ್ದವು.

“ಇಳಸಬ್ಯಾಡ್ರಿ,” ಎಂದಳು ರುಕುಮವ್ವ. “ನೆಲ ಭಾಳ ಥಂಡಿ ಇರತೈತಿ. ನನಗ ಗೊತ್ತೈತಿ.”

ಈರವ್ವ ಏನೋ ಹೇಳಹೋದಳು. ಮಂಚ ಕೆಟ್ಟರೆ ಕೆಡಲಿ ಎಂದು ರುಕುಮವ್ವ ಅವಳ ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ನನ್ನ ಅಂಚಿಗೆ ಕೈಯೂರಿ ಎದ್ದಳು. ಮೊದಲು ಒಂದು ಮೊಣಕಾಲು ಇಟ್ಟಳು, ಆಮೇಲೆ ಇನ್ನೊಂದು. ನನ್ನ ಕೀಲು ಕಿರ್ರೆಂದಿತು. ಗಂಡನನ್ನು ದಾಟಿ ಗೋಡೆಯ ಕಡೆಯ ತನ್ನ ಜಾಗಕ್ಕೆ ಹೋಗಿ, ಅವನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು, ಹಣೆಯ ಬೆವರನ್ನು ಸೆರಗಿನಿಂದ ಒರೆಸಿದಳು. ಅವನ ಎಡಗೈ ತಡಕಾಡಿ ಅವಳ ಮಣಿಕಟ್ಟನ್ನು ಹಿಡಿಯಿತು. ಹಾಲು ಉಕ್ಕಿ ಬರುವಷ್ಟು ಹೊತ್ತು ಇಬ್ಬರೂ ಹಾಗೆ ಇದ್ದರು. ಆಮೇಲೆ ಆ ಕೈಯನ್ನು ಬಿಡಿಸಲು ಯಾರಿಗೂ ಅವಳು ಕೊಡಲಿಲ್ಲ, ತಾನೇ ಬಿಡಿಸಿದಳು.

ಕೆಟ್ಟ ಮಂಚವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಯಾರಿಗಾದರೂ ಕೊಟ್ಟುಬಿಡು, ಇಲ್ಲವೇ ಒಡೆಸಿ ಒಲೆಗೆ ಹಾಕು ಎಂದು ಎಲ್ಲರೂ ಹೇಳಿದರು. ಅವಳು ಹೂಂ ಎಂದಳು, ಕೊಡಲಿಲ್ಲ. ಹಿತ್ತಲ ಚಪ್ಪರ ಖಾಲಿಯಾಗಿದೆ. ಅರ್ಧ ಪಾಲಿಶ್ ಆದ ಕುರ್ಚಿಗಳನ್ನು ಇನ್ನೊಬ್ಬ ವ್ಯಾಪಾರಿ ಒಯ್ದ. ಚಾಪೆಯನ್ನು ಅವಳು ಸುತ್ತಿ ಮೂಲೆಗೆ ನಿಲ್ಲಿಸಿದ್ದಾಳೆ. ಈಗ ನನ್ನ ಮೇಲೆಯೇ ಮಲಗುತ್ತಾಳೆ, ಗೋಡೆಯ ಕಡೆಗೆ. ನಾನು ಇಷ್ಟು ವರ್ಷ ಕಾದದ್ದು ಇದಕ್ಕೇ ಅಲ್ಲವೇ? ಆದರೆ ಈಗ ಮಾನಪ್ಪನ ಕಡೆಯ ಅಂಚು ಖಾಲಿ. ಕೊಳ್ಳುವವರ ಕಣ್ಣಿಗೆ ನಾನು ಸೌದೆಗೂ ಬೇಡವಾದವನು. ಆ ದುಃಖ ನನಗಿಲ್ಲ. ಇಬ್ಬರಿಗೆಂದು ಹುಟ್ಟಿದವನಿಗೆ ಒಬ್ಬರ ಭಾರವೇ ಹೆಚ್ಚು ಎಂಬುದು ನನ್ನ ದುಃಖ.

ಬೆಳಗ್ಗೆ ಎದ್ದ ಕೂಡಲೇ ಅವಳು ಪಕ್ಕದ ಅರ್ಧದ ಹಾಸನ್ನು ಅಂಗೈಯಿಂದ ಸವರಿ ನೇರ ಮಾಡುತ್ತಾಳೆ. ಅಲ್ಲಿ ಸುಕ್ಕು ಇರುವುದಿಲ್ಲ. ನಿನ್ನೆ ಹಾಗೆ ಸವರುತ್ತ ಸವರುತ್ತ ಕೈ ನಿಲ್ಲಿಸಿ, “ಮೊದಲ ಏರಬೇಕಿತ್ತು ನಾ,” ಎಂದಳು. ಮನೆಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ.