ಸೊನ್ನೆ ಸುತ್ತಿದ ಸಾಲು

ನಾನು ಸಿನಿಮಾಕ್ಕೆ ಹಾಡು ಬರೆಯುವವನು. ಯಾರಾದರೂ ಕವಿ ಎಂದು ಪರಿಚಯಿಸಿದರೆ ಸುಮ್ಮನೆ ಒಪ್ಪಿಕೊಳ್ಳುತ್ತೇನೆ, ತಿದ್ದಲು ಹೋದರೆ ಮಾತು ಬೆಳೆಯುತ್ತದೆ. ಕವಿಗೆ ಮೊದಲು ಮಾತು ಹೊಳೆಯುತ್ತದಂತೆ, ನನಗೆ ಮೊದಲು ಸಿಗುವುದು ಅಳತೆ. ಸಂಗೀತ ನಿರ್ದೇಶಕರು 'ಲಾಲಲಾ' ಎಂದು ಟ್ಯೂನ್ ಹಾಡಿ ಕಳಿಸುತ್ತಾರೆ. ಆ ಲಾಲಲಾದ ಮೈಗೆ ನಾನು ಮಾತು ಕತ್ತರಿಸಿ ಹೊಲಿಯುತ್ತೇನೆ. ಈ ಮನೆಯಲ್ಲಿ ಇಬ್ಬರು ಟೈಲರ್‌ಗಳಿದ್ದಾರೆ ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು. ನಿಜವಾದ ಟೈಲರ್ ಅವಳೇ. ಅರವತ್ತೆಂಟರಲ್ಲೂ ದಾರ ಪೋಣಿಸಲು ಕನ್ನಡಕ ಬೇಡ.

ಈ ವಾರ ನನ್ನ ಹಳೆಯ ಹಾಡೊಂದು ಸುದ್ದಿಯಲ್ಲಿದೆ. ಬಸ್ ಡಿಪೋದಲ್ಲಿ ನಲವತ್ತು ಜನ ಹೆಂಗಸರನ್ನು ಕಂಡಕ್ಟರ್ ಕೆಲಸದಿಂದ ತೆಗೆದು ಗೇಟಿಗೆ ಬೀಗ ಹಾಕಿದ್ದಾರೆ. ಅವರು ಗೇಟಿನ ಮುಂದೆಯೇ ಕೂತುಬಿಟ್ಟಿದ್ದಾರೆ. ಎರಡು ದಿನ ಜೊತೆಗೆ ಕೂತ ಉಳಿದ ಕಂಡಕ್ಟರುಗಳು ಮೂರನೆಯ ದಿನ ತಲೆ ತಗ್ಗಿಸಿಕೊಂಡು ಹಿಂದಿನ ಗೇಟಿನಿಂದ ಕೆಲಸಕ್ಕೆ ಹೋದರು. ಬಯ್ಯುತ್ತಾರೆಂದು ಕ್ಯಾಮೆರಾಗಳು ಕಾದಿದ್ದರೆ ಇವರು ಹಾಡಿದರು:

ಹೋಗುವವರು ಹೋಗಲಿ,
ಚಿಲಕ ನಾನು ಹಾಕೆನು.

ಆಮೇಲೆ ಟೀವಿಯವರಿಗೆ ನನ್ನ ನೆನಪಾಯಿತು. ಎಂಟು ಜನ ಎಂಟು ಚೌಕಗಳಲ್ಲಿ ಕೂತು ಒಟ್ಟಿಗೆ ಅರಚುವ ಕಾರ್ಯಕ್ರಮಕ್ಕೆ ನಾನು ಹೋಗುವವನಲ್ಲ, ಅಲ್ಲಿ ಯಾರೂ ತಾಳಕ್ಕೆ ಸಿಗುವುದಿಲ್ಲ. ಆದರೆ ಇದು ಹಾಗಲ್ಲ, ನಾಳೆ ಬೆಳಿಗ್ಗೆ ಅರ್ಧ ಗಂಟೆ ನಾನೊಬ್ಬನೇ. ನಿರೂಪಕಿ ಫೋನಿನಲ್ಲಿ ಒಂದೇ ಒಂದು ಪ್ರಶ್ನೆ ಮುಖ್ಯ ಎಂದಳು. ಆ ಸಾಲು ನಿಮಗೆ ಎಲ್ಲಿಂದ ಬಂತು?

ಅದು ಅಕ್ಕನಿಂದ ಬಂದದ್ದು. ಅವಳ ಬಾಯಿಂದ, ಅವಳ ಬದುಕಿನ ತೀರಾ ಕೆಟ್ಟ ದಿನ ಬಂದದ್ದು. ಇಪ್ಪತ್ತಾರು ವರ್ಷ ಹೊರಗೆ ಯಾರಿಗೂ ಹೇಳಿರಲಿಲ್ಲ. ಈಗ ಹೇಳಬೇಕೆಂಬ ಆಸೆ ಹುಟ್ಟಿತ್ತು, ಒಳ್ಳೆಯ ಕತೆ ಇದ್ದೂ ಬಚ್ಚಿಟ್ಟುಕೊಂಡಿರುವುದು ನಮ್ಮಂಥವರಿಗೆ ಕಷ್ಟ. ಅಕ್ಕ ಬೇಡ ಅಂದರೆ ಹೇಳುವುದಿಲ್ಲ ಎಂದು ಮಾತ್ರ ತೀರ್ಮಾನಿಸಿದ್ದೆ.

ಕತೆ ಇಷ್ಟು. ಆಗ ನಾನು ಅವಳ ಹೊಲಿಗೆ ಕೋಣೆಯಲ್ಲೇ ಕೂತು ಬರೆಯುತ್ತಿದ್ದೆ. ಮಿಷಿನ್ನಿನ ಸದ್ದಿಗೆ ಪೆನ್ನು ಓಡುತ್ತಿತ್ತು. ಟ್ಯೂನಿಗೆ ಸರಿಯಾದ ಮಾತು ಸಿಗುವ ತನಕ ನಾವು ಡಮ್ಮಿ ಸಾಲು ಇಟ್ಟಿರುತ್ತೇವೆ. ಅರ್ಥ ಏನಾದರೂ ಆಗಿರಲಿ, ಅಳತೆ ಕೂತರೆ ಸಾಕು. ನಾನು ಮನೆಯಲ್ಲಿ ಕಿವಿಗೆ ಬಿದ್ದದ್ದನ್ನೇ ಇಡುತ್ತಿದ್ದೆ. ಗುಂಡಿ ಎಲ್ಲಿ, ಕಾಲರ್ ಎಲ್ಲಿ, ನೀರು ಬಂತು, ಬಕೆಟ್ ಇಡು. ಆಮೇಲೆ ಬದಲಾಯಿಸಬೇಕು ಎಂಬುದಕ್ಕೆ ಸಾಲಿನ ಸುತ್ತ ಒಂದು ಸೊನ್ನೆ ಎಳೆಯುತ್ತಿದ್ದೆ.

ಭಾವ ಸೂಟ್‌ಕೇಸ್ ಹಿಡಿದು ಮನೆ ಬಿಟ್ಟದ್ದು ಅಂಥದೇ ಒಂದು ಮಧ್ಯಾಹ್ನ. ಕಾರಣ ದೊಡ್ಡದೇನಲ್ಲ. ಈ ಮನೆಯಲ್ಲಿ ಅವರಿಗೆ ಉಸಿರು ಕಟ್ಟುತ್ತಿತ್ತಂತೆ. ಅಮ್ಮ ಅಳುತ್ತಾ, ಬಾಗಿಲು ಹಾಕಿ ಚಿಲಕ ಜಡಿ, ಅಕ್ಕಪಕ್ಕದವರು ನೋಡ್ತಾರೆ ಎಂದಳು. ಅಕ್ಕ ಮಿಷಿನ್ ನಿಲ್ಲಿಸದೆ, "ಹೋಗೋರು ಹೋಗ್ಲಿ, ಚಿಲಕ ನಾನ್ ಹಾಕಲ್ಲ" ಎಂದಳು. ನನ್ನ ಕಿವಿಯಲ್ಲಿ ಒಂದು ಟ್ಯೂನ್ ಮೂರು ದಿನದಿಂದ ಕೂತಿತ್ತು. ಹತ್ತು ಮಾತ್ರೆ, ಮತ್ತೆ ಹತ್ತು. ಅಕ್ಕನ ಮಾತನ್ನು ಕೊಂಚ ಎಳೆದೆ, ಚಡ್ಡಿಗೆ ಲಾಡಿ ಹಾಕಿದ ಹಾಗೆ ಸಲೀಸಾಗಿ ಕೂತಿತು. ಬರೆದುಕೊಂಡು ಸೊನ್ನೆ ಎಳೆದೆ. ಸಾಲು ಕೂತ ಮೇಲೆ ನನಗೆ ಏನೂ ಕೇಳಿಸುವುದಿಲ್ಲ, ಅದು ಮೊದಲಿನಿಂದಲೂ ಇರುವ ಚಾಳಿ.

ಸಾಲು ಬದಲಾಯಿಸುವ ಮೊದಲೇ ನನಗೆ ಜ್ವರ ಬಂತು. ಹಾಳೆ ಸ್ಟುಡಿಯೋಗೆ ಹೋಯಿತು. ಗಾಯಕರಿಗೆ ಪ್ರತಿ ಬರೆದುಕೊಡುವವನು ಹೊಸಬ. ಸೊನ್ನೆ ಸುತ್ತಿದ ಸಾಲು ಎಂದರೆ ಬಹಳ ಮುಖ್ಯವಾದ ಸಾಲು, ಪಲ್ಲವಿ, ಮತ್ತೆ ಮತ್ತೆ ಹಾಡಬೇಕು ಎಂದುಕೊಂಡ. ನಾನು ಹಾಸಿಗೆ ಬಿಟ್ಟು ಎದ್ದು ಹೋಗುವಷ್ಟರಲ್ಲಿ ಗಾಯಕರು ಅದನ್ನು ಒಂಬತ್ತು ಸಲ ಹಾಡಿ, ಸಂಭಾವನೆ ಜೇಬಿಗಿಳಿಸಿ ಹೋಗಿದ್ದರು. ಸಿನಿಮಾದಲ್ಲಿ ನಾಯಕ ಕೆಂಪು ಅಂಗಿ ತೊಟ್ಟು ದೋಣಿಯಲ್ಲಿ ನಿಂತು ಹಾಡುತ್ತಾನೆ. ದೋಣಿಗೆಲ್ಲಿಯ ಚಿಲಕ ಎಂದು ಯಾರೂ ಕೇಳಲಿಲ್ಲ. ಚಿತ್ರ ಎರಡನೆಯ ವಾರಕ್ಕೆ ಗಂಟುಮೂಟೆ ಕಟ್ಟಿತು. ಹಾಡು ಮಾತ್ರ ರೇಡಿಯೋ ಹಿಡಿದು ಮನೆಮನೆಗೆ ನುಗ್ಗಿತು.

ಏಳನೆಯ ತಿಂಗಳು ಭಾವ ಅದೇ ಸೂಟ್‌ಕೇಸ್ ಹಿಡಿದು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಚಪ್ಪಲಿ ಮೂಲೆಗೆ ಬಿಟ್ಟು, ನಿನ್ನ ತಮ್ಮನ ಕೈಲಿ ಹೇಳಿ ಕಳಿಸಿದ್ದೆಯಲ್ಲ, ಕೇಳಿಸ್ಕೊಂಡೆ ಎಂದು ನಕ್ಕರು. ಅಮ್ಮ ಸಂತೋಷಕ್ಕೆ ಮತ್ತೆ ಅತ್ತಳು. ಆಮೇಲೆ ಹದಿನಾಲ್ಕು ವರ್ಷ ಅವರು ಈ ಮನೆಯಲ್ಲಿದ್ದರು, ಕೊನೆಯುಸಿರೆಳೆದದ್ದೂ ಇಲ್ಲೇ. ಕೆಟ್ಟ ಮನುಷ್ಯರೇನಲ್ಲ. ಗಡ್ಡ ಹೆರೆಯುವಾಗ ಆ ಹಾಡು ಗುನುಗುತ್ತಿದ್ದರು, ಆಗೆಲ್ಲ ಅಕ್ಕನ ಮಿಷಿನ್ ಜೋರಾಗುತ್ತಿತ್ತು. ಪ್ರಶಸ್ತಿ ಗಿಶಸ್ತಿ ನನಗೆ ಬಂದಿಲ್ಲ. ಆದರೆ ಮುರಿದ ಮನೆಯೊಂದನ್ನು ನನ್ನ ಹಾಡು ಕೂಡಿಸಿತು ಎಂದು ಒಳಗೊಳಗೇ ಬೀಗುತ್ತಿದ್ದೆ.

ಒಂದು ವಿಷಯ ಮಾತ್ರ ಅರ್ಥವಾಗಿರಲಿಲ್ಲ. ಆ ಹಾಡು ಬಂದ ಮೇಲೆ ನನ್ನ ಕೈಯಲ್ಲಿ ಪೆನ್ನಿದ್ದರೆ ಅಕ್ಕ ಬಾಯಿ ಬಿಡುತ್ತಿರಲಿಲ್ಲ. ಪೆನ್ನು ಕೆಳಗಿಟ್ಟರೆ ಮಾತು, ಎತ್ತಿಕೊಂಡರೆ ಬಾಯಿಗೆ ಬೀಗ. ಅಣಕಿಸುತ್ತಿದ್ದಾಳೆ ಎಂದುಕೊಂಡೇ ಇಷ್ಟು ವರ್ಷ ಕಳೆದೆ.

ಮಧ್ಯಾಹ್ನ ಊಟವಾದ ಮೇಲೆ ಅವಳ ಕೋಣೆಗೆ ಹೋದೆ. ಮೇಜಿನ ಮೇಲೆ ಖಾಕಿ ಅಂಗಿಗಳ ರಾಶಿ. ಟಿಕೆಟ್ ಮಿಷಿನ್ ಹಿಡಿಯುವಷ್ಟು ಜೇಬು ದೊಡ್ಡದು ಮಾಡಿಕೊಡಲು ಕಂಡಕ್ಟರುಗಳು ಬರುವುದು ಇವಳ ಬಳಿಗೇ. ಕೆಲಸ ಹೋದ ಇಬ್ಬರ ಅಂಗಿಯೂ ಅದರಲ್ಲಿದೆಯಂತೆ, ಇರಲಿ, ಬೇಕಾಗುತ್ತೆ ಎಂದು ಹೊಲಿಯುತ್ತಿದ್ದಳು. ನಾನು ಬರಿಗೈಯಲ್ಲಿ ಸ್ಟೂಲಿನ ಮೇಲೆ ಕೂತು ಟೀವಿಯ ವಿಷಯ ಹೇಳಿದೆ. ಸಾಲು ನಿನ್ನದು ಅಂತ ಹೇಳ್ತೀನಿ, ನಿನ್ನ ಮಾತು ಕೇಳಿ ಭಾವ ವಾಪಸು ಬಂದದ್ದನ್ನೂ ಹೇಳ್ತೀನಿ, ಜನಕ್ಕೆ ಇಷ್ಟವಾಗುತ್ತೆ ಎಂದೆ.

ಅವಳು ಕಾಲು ನಿಲ್ಲಿಸಿದಳು. ಮಿಷಿನ್ ನಿಂತ ಮೇಲೆ ಆ ಕೋಣೆ ಎಷ್ಟು ಚಿಕ್ಕದು ಎಂಬುದು ಗೊತ್ತಾಗುತ್ತದೆ.

"ನಾನು ಅವತ್ತು ಪೂರ್ತಿ ಹೇಳಿದ್ದೆ ಕಣೋ," ಎಂದಳು. "ನೀನು ಅರ್ಧ ಬರ್ಕೊಂಡೆ."

ಏನು ಪೂರ್ತಿ ಎಂದು ಕೇಳಿದೆ.

"ಹೋಗೋರು ಹೋಗ್ಲಿ, ಚಿಲಕ ನಾನ್ ಹಾಕಲ್ಲ. ಬರೋದಾದ್ರೆ ಕೇಳ್ಕೊಂಡ್ ಬರ್ಲಿ. ಬೇಡ ಅಂದ್ರೂ ಅಂದೇನು ನಾನು. ಹೀಗೆ ಹೇಳಿದ್ದು. ನೀನು ಅಲ್ಲೇ ಕೂತಿದ್ದೆ, ಈ ಸ್ಟೂಲ್ ಮೇಲೇನೇ."

ನನಗೆ ನೆನಪಿಲ್ಲ. ನೆನಪಿರಲು ಸಾಧ್ಯವೂ ಇಲ್ಲ, ಅಷ್ಟರಲ್ಲಿ ನಾನು ಸೊನ್ನೆ ಎಳೆಯುತ್ತಿದ್ದೆ. ಹಾಗಾದರೆ ಭಾವ ಬಂದ ದಿನ ಬೇಡ ಅನ್ನಬಹುದಿತ್ತಲ್ಲ ಎಂದೆ. ಎಂಥ ಪೆದ್ದು ಮಾತೆಂದು ಆಡಿದ ಮೇಲೆ ತಿಳಿಯಿತು.

"ಊರೆಲ್ಲಾ ಹಾಡ್ತಿತ್ತು," ಎಂದಳು ಅಕ್ಕ. "ಅಮ್ಮ ಹಾಡ್ತಿದ್ಲು. ಅವರು ಒಂದು ಮಾತು ಕೇಳ್ದೇನೆ ಒಳಗೆ ಬಂದ್ರು. ನಾನೊಬ್ಬಳು ಇಲ್ಲ, ನಾನು ಹಾಗಂದಿಲ್ಲ ಅಂದಿದ್ರೆ ಯಾರು ನಂಬ್ತಿದ್ರು?"

ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಹದಿನಾಲ್ಕು ವರ್ಷ ಅವಳು ಬಟ್ಟೆ ಒಗೆದು, ಮಾತ್ರೆ ಕೊಟ್ಟು, ಕೊನೆಯ ಮೂರು ತಿಂಗಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಳೆದದ್ದನ್ನು ನಾನು ದಾಂಪತ್ಯ ಎಂದುಕೊಂಡಿದ್ದೆ. ಬೇರೆಯವರಿಗೆ ವಿರಹದ ಸಾಲು ಬರೆದುಕೊಡುವವನಿಗೆ ಪಕ್ಕದ ಕೋಣೆಯ ಮುಖ ಓದಲು ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು. ತಪ್ಪಾಯ್ತು ಅಕ್ಕ ಎಂದೆ. ಅವಳು "ಹೂಂ" ಎಂದು ದಾರದ ತುದಿಯನ್ನು ಹಲ್ಲಿನಿಂದ ಕತ್ತರಿಸಿದಳು.

ಸೂಜಿಗೆ ಬೇರೆ ದಾರ ಪೋಣಿಸುತ್ತಾ ಅವಳೇ ಮಾತು ತೆಗೆದಳು. ಆ ಹುಡುಗಿಯರು ಜೇಬಿನ ಅಳತೆ ಕೊಡಲು ಬಂದಾಗಲೂ ಹಾಡಿದರಂತೆ. ಚೆನ್ನಾಗಿ ಹಾಡುತ್ತಾರೆ, ಆದರೆ ಹಿಂದಿನ ಗೇಟಿನಿಂದ ಒಳಗೆ ಹೋದವರು ನಾಳೆ ತಿರುಗಿ ಬಂದು ಏನೂ ಆಗಿಯೇ ಇಲ್ಲವೆಂಬಂತೆ ಪಕ್ಕದಲ್ಲಿ ಕೂತರೆ ಇವರೇನು ಮಾಡಬೇಕು ಎಂದು ಕೇಳಿದಳು. ನನ್ನ ಹಾಡಿನಲ್ಲಿ ಅದಕ್ಕೆ ಉತ್ತರವಿಲ್ಲ. ನಾಳೆ ಟೀವಿಗೆ ಹೋಗುವುದಿಲ್ಲ ಎಂದೆ.

"ಹೋಗು. ಹೇಳೋದಾದ್ರೆ ಪೂರ್ತಿ ಹೇಳು," ಎಂದಳು. ಆಮೇಲೆ ಮೇಜಿನ ಮೇಲಿದ್ದ ಲೆಕ್ಕದ ಪೆನ್ನನ್ನು ನನ್ನ ಕಡೆ ತಳ್ಳಿದಳು. "ಬರ್ಕೊ."

ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ, ನನ್ನ ಕೈಯಲ್ಲಿ ಪೆನ್ನಿದ್ದಾಗ ಅಕ್ಕ ಮಾತಾಡುತ್ತಿದ್ದಳು. ಅಳತೆ ಬರೆಯುವ ಚೀಟಿಯ ಹಿಂದೆ ಬರೆದುಕೊಂಡೆ:

ಬರುವುದಾದರೆ ಕೇಳಿ ಬರಲಿ,
ಬೇಡವೆನ್ನಲೂಬಹುದು ನಾನು.

ತೊಡೆಯ ಮೇಲೆ ಬೆರಳು ತಟ್ಟಿ ಎಣಿಸಿದೆ. ಇಪ್ಪತ್ತು ಮಾತ್ರೆ ಇರಬೇಕಾದ ಕಡೆ ಇಪ್ಪತ್ತೇಳು. ಟ್ಯೂನಿಗೆ ಕೂರಲ್ಲ ಅಕ್ಕ, ಏಳು ಮಾತ್ರೆ ಹೆಚ್ಚು ಎಂದೆ. ಕೂರದಿದ್ದರೆ ಹಾಡುವುದು ಬೇಡ, ಆ ಹುಡುಗಿಯರು ಹಾಡು ನಿಲ್ಲಿಸಿ ಬಾಯಲ್ಲೇ ಹೇಳಲಿ ಎಂದು ಅವಳು ಮಿಷಿನ್ ತುಳಿಯತೊಡಗಿದಳು.

ಕೂರದ ಸಾಲು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಪೆನ್ನು ತಾನಾಗಿ ಸಾಲಿನ ಸುತ್ತ ತಿರುಗತೊಡಗಿತ್ತು, ಸೊನ್ನೆ ಅರ್ಧ ಆಗಿತ್ತು.

"ಅದನ್ನ ಹಾಕ್ಬೇಡ," ಎಂದಳು ಅಕ್ಕ, ಬಟ್ಟೆಯಿಂದ ಕಣ್ಣೆತ್ತದೆ.

ನಾನು ಕೈ ತೆಗೆದೆ.