ದೊಡ್ಡೋನ ಸದ್ದು

ಗ್ರೀಸಣ್ಣ ಆಯಿಲ್ ಅಳೆಯುವ ಕಡ್ಡಿಯನ್ನು ಎಂಜಿನ್ನಿನಿಂದ ತೆಗೆದು, ತುದಿಯನ್ನು ಎರಡು ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದ. ಆಮೇಲೆ ಬೈಕಿನ ಪಕ್ಕದಲ್ಲಿ ನಿಂತಿದ್ದ, ಅಣ್ಣತಮ್ಮಂದಿರಲ್ಲಿ ಕಿರಿಯವನ ಮುಖ ನೋಡಿದ.

“ಇದು ಆಯಿಲ್ ಅಲ್ಲಪ್ಪಾ, ಕಾಡಿಗೆ. ಕಣ್ಣಿಗೆ ಹಚ್ಕೋಬಹುದು. ಹಳೇದನ್ನ ಕೊನೇ ಸಲ ಇಳಿಸಿದ್ದು ಯಾವಾಗ?”

ಕಮ್ಮಿಯಾದಾಗಲೆಲ್ಲ ಮೇಲಿಂದ ಸ್ವಲ್ಪ ಸ್ವಲ್ಪ ಸುರಿಯುತ್ತ ಬಂದಿದ್ದೇನೆ ಎಂದು ಕಿರಿಯವನು ಗೊಣಗಿದ. ಗ್ರೀಸಣ್ಣನದು ಬೈಕಿನ ಬಿಡಿಭಾಗಗಳ ಅಂಗಡಿ. ಸ್ವಂತ ಮಗಳ ಮದುವೆಯ ದಿನವೂ ಉಗುರಿನ ಕಪ್ಪು ಹೋಗದೆ ಆ ಹೆಸರು ಅಂಟಿಕೊಂಡಿತ್ತು. ನೀನು ಮನೆಮನೆಗೆ ಹೋಗಿ ಹೊಲಿಗೆ ಮೆಷಿನ್ ರಿಪೇರಿ ಮಾಡುವವನು, ಕಂಡವರ ಮೆಷಿನ್ನಿಗೆಲ್ಲ ಎಣ್ಣೆ ಬಿಡುವವನು, ಸ್ವಂತ ಗಾಡಿಯನ್ನು ಹೀಗಾ ಇಟ್ಟುಕೊಳ್ಳುವುದು ಎಂದು ಅವನು ಬೈದ. ತೊಳೆಯದ ಪಾತ್ರೆಗೆ ದಿನಾ ಹೊಸ ಹಾಲು ಸುರಿದ ಹಾಗಾಯಿತಂತೆ. ಬೈಯುತ್ತಲೇ ಎರಡು ಡಬ್ಬಿಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ.

“ಇದು ತೆಳು. ನಿಮ್ಮಣ್ಣ ಯಾವಾಗಲೂ ಇದನ್ನೇ ಒಯ್ತಿದ್ದ. ಕಟಕಟ ಅಂದ್ರೂ ಆಗ ಎಂಜಿನ್ ಗಟ್ಟಿಯಿತ್ತು, ಸರಿಹೋಗ್ತಿತ್ತು. ಈಗ ಎಂಜಿನ್ ಸವೆದಿದೆ. ದಪ್ಪಂದು ಹಾಕು. ಆ ಕಟಕಟ ಸದ್ದೂ ಅಡಗುತ್ತೆ.”

“ಸದ್ದು ಹಾಗೇ ಇರಲಿ ಅಂದ್ರೆ?”

ಗ್ರೀಸಣ್ಣ ನಕ್ಕ. ಸದ್ದು ಅಡಗಿಸಿಕೊಡಿ ಎಂದು ಬಂದವರನ್ನು ಕಂಡಿದ್ದ, ಇರಲಿ ಎಂದವರನ್ನು ಕಂಡಿರಲಿಲ್ಲ. ಹಾಗಿದ್ದರೆ ತೆಳುವಿನದನ್ನೇ ಒಯ್ಯು, ಒಂದು ದಿನ ನಡುದಾರಿಯಲ್ಲಿ ಎಂಜಿನ್ ಹಿಡಿದುಕೊಳ್ಳುತ್ತದೆ, ಗಾಡಿ ನಿಂತರೂ ನೀನು ನಿಲ್ಲದೆ ಮುಂದಕ್ಕೆ ಹೋಗಿ ಬೀಳುತ್ತೀಯ, ಆಮೇಲೆ ಸದ್ದೂ ಇಲ್ಲ ಏನೂ ಇಲ್ಲ ಎಂದ. ಕಿರಿಯವನು ನಗಲಿಲ್ಲ. ಎರಡೂ ಡಬ್ಬಿಗಳ ಮೇಲೆ ಕೈಯಾಡಿಸಿ, ಮನಸ್ಸಿನಲ್ಲೇ ದೇವರನ್ನು ನೆನೆದು, ದಪ್ಪನೆಯದನ್ನು ಚೀಲಕ್ಕೆ ಹಾಕಿಕೊಂಡ. ಜೊತೆಗೆ ಒಂದು ಹೊಸ ವಾಷರ್.

ಬೈಕು ಅಣ್ಣನದು. ಅಣ್ಣ ಬಿದ್ದು ಸತ್ತವನಲ್ಲ. ಜ್ವರ ಬಂತು, ಆಟೋದಲ್ಲಿ ಆಸ್ಪತ್ರೆಗೆ ಹೋದ, ಹತ್ತುವಾಗ ಗಾಡಿಗೆ ಹೊದಿಕೆ ಹಾಕೋ ಎಂದು ಹೇಳಿದ, ತಿರುಗಿ ಬರಲಿಲ್ಲ. ಗಾಡಿ ಮಾತ್ರ ಅಂಗಳದಲ್ಲಿ ಗಟ್ಟಿಮುಟ್ಟಾಗಿ ನಿಂತಿತ್ತು. ಕೆಲಸಕ್ಕೆ ಬೇಕೇಬೇಕಾದಾಗ ಕಿರಿಯವನು ಹೊದಿಕೆ ತೆಗೆದು ಏರಿದ. ಆ ಸಂಜೆ ಅವನು ಬೀದಿಯ ತಿರುವಿಗೆ ಬರುವಷ್ಟರಲ್ಲಿ, ಗಾಡಿಯ ಕಟಕಟ ಕೇಳಿ ದೊಡ್ಡೋನೇ ಬಂದನೆಂಬಂತೆ ಅಮ್ಮ ಗೇಟು ತೆರೆದು ನಿಂತಿದ್ದಳು. ಅಷ್ಟು ಬೆಳಗಿದ ಮುಖವನ್ನು ಅವನು ಮರೆತೇಬಿಟ್ಟಿದ್ದ. ಹೆಲ್ಮೆಟ್ ತೆಗೆದ. ಮುಖದ ಬೆಳಕು ಇಳಿಯಿತು. “ಬಂದ್ಯಾ, ಬಾ” ಎಂದು ಅವಳು ಒಳಗೆ ಹೋದಳು.

ಹೋದವರನ್ನು ದೇವರು ಒಂದೇ ಸಲಕ್ಕೆ ಪೂರ್ತಿ ಕರೆದುಕೊಳ್ಳುವುದಿಲ್ಲವೇನೋ. ಅಷ್ಟಿಷ್ಟು ಇಲ್ಲೇ ಉಳಿಸಿರುತ್ತಾನೆ. ಅಂದಿನಿಂದ ಕಿರಿಯವನು ಹೆಲ್ಮೆಟ್ ತೆಗೆಯುವುದನ್ನು ತಡಮಾಡಲು ಕಲಿತ. ಗಾಡಿ ನಿಲ್ಲಿಸಿ, ಚೀಲ ಬಿಚ್ಚಿ, ಏನೋ ಹುಡುಕಿದಂತೆ ಮಾಡಿ, ಆಮೇಲೆ ತೆಗೆಯುತ್ತಿದ್ದ. ಆಯಿಲ್ ಇಳಿಸಲು ಸ್ಪ್ಯಾನರ್ ಹಿಡಿದು ಕೂತವನು ಎಷ್ಟೋ ಸಲ ಹಾಗೇ ಎದ್ದಿದ್ದ. ಎಂಜಿನ್ನಿನ ತಳದ ಆ ಬೋಲ್ಟನ್ನು ಕೊನೆಗೆ ಬಿಗಿದ ಕೈ ಅಣ್ಣನದು. ಅದನ್ನು ಬಿಚ್ಚುವುದೆಂದರೆ, ಅವನು ಹಿಡಿದಿದ್ದನ್ನು ಕೈಯಿಂದ ಬಿಡಿಸಿದ ಹಾಗೆ ಅನಿಸುತ್ತಿತ್ತು.

ಅಂಗಡಿಯಿಂದ ಬಂದಾಗಲೂ ಅಮ್ಮ ಗೇಟಿನಲ್ಲಿದ್ದಳು. ಆ ಮುಖದ ಬೆಳಕು ಇದೇ ಕೊನೆಯದು ಎಂದುಕೊಂಡು ಅವನು ಸಾಧ್ಯವಾದಷ್ಟು ಹೊತ್ತು ಹೆಲ್ಮೆಟ್ಟಿನೊಳಗೇ ಇದ್ದ.

ಅವಳು ಒಳಗೆ ಹೋದ ಮೇಲೆ ಗಾಡಿಯನ್ನು ನೇರ ನಿಲ್ಲಿಸಿ, ಕೆಳಗೆ ಹಳೆಯ ಬೋಗುಣಿ ಇಟ್ಟ. ಬೋಲ್ಟು ಜಗ್ಗಲಿಲ್ಲ. ನೆಲಕ್ಕೆ ಮಲಗಿ ಎರಡೂ ಕೈಯಲ್ಲಿ ಎಳೆದ. ಬೋಲ್ಟು ಕೂತಲ್ಲೇ ಕೂತಿತ್ತು. ಅಣ್ಣನ ಬಲ ಇನ್ನೂ ಅದರಲ್ಲಿತ್ತು. ಸಣ್ಣವರಿದ್ದಾಗ ಮುಷ್ಟಿಯಲ್ಲಿ ಏನಾದರೂ ಬಚ್ಚಿಟ್ಟು ಬಿಡಿಸು ನೋಡೋಣ ಎನ್ನುತ್ತಿದ್ದವನು, ಕಿರಿಯವನು ಅಳುವ ತನಕ ಬಿಡುತ್ತಿರಲಿಲ್ಲ. “ಬಿಡೋ ಅಣ್ಣಾ” ಎಂದ ಕಿರಿಯವನು, ಮೆಲ್ಲಗೆ. ಲಟಕ್ಕೆಂದು ಬೋಲ್ಟು ತಿರುಗಿತು.

ಕಪ್ಪು ಆಯಿಲ್ ಮೊದಲು ಧಾರೆಯಾಗಿ, ಆಮೇಲೆ ನೂಲಾಗಿ ಬೋಗುಣಿಗೆ ಇಳಿಯಿತು. ತಲೆಯೆತ್ತಿದರೆ ಅಮ್ಮ ನಿಂತಿದ್ದಳು. ಯಾವಾಗ ಬಂದಳೋ.

“ಇದು ಅವನು ಹಾಕಿದ್ದೇನೋ?”

“ನಾನೂ ಸುರಿದಿದೀನಮ್ಮ. ಆದ್ರೆ ಅವನದ್ದೂ ಇದರಲ್ಲೇ ಇದೆ.”

ಅಮ್ಮ ಕುಕ್ಕರಗಾಲಲ್ಲಿ ಕೂತು ಬೆರಳ ತುದಿಯನ್ನು ಅದ್ದಿದಳು.

“ಇನ್ನೂ ಬೆಚ್ಚಗಿದೆಯಲ್ಲೋ, ಚಿಕ್ಕೋನೇ.”

ಈಗಷ್ಟೇ ಓಡಿಸಿಕೊಂಡು ಬಂದಿದ್ದಕ್ಕೆ ಅದು ಬೆಚ್ಚಗಿತ್ತು; ಅವನು ಅವಳಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ. ಕೊನೆಯ ಹನಿ ಬೀಳುವ ತನಕ ಇಬ್ಬರೂ ಬೋಗುಣಿಯನ್ನೇ ನೋಡುತ್ತ ಕೂತಿದ್ದರು.

ಹೊಸ ವಾಷರ್ ಇಟ್ಟು ಬೋಲ್ಟು ಬಿಗಿದ, ತನಗೆ ಸಾಕೆನಿಸುವಷ್ಟೇ. ಡಬ್ಬಿಯ ಮುಚ್ಚಳ ತಿರುಗಿಸಿದವನು ನಿಂತ. ಗ್ರೀಸಣ್ಣ ಹೇಳಿದ್ದೆಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಇದನ್ನು ಹಾಕಿದರೆ ಗಾಡಿ ಉಳಿಯುತ್ತದೆ, ಸದ್ದು ಉಳಿಯುವುದಿಲ್ಲ.

“ಬೇಡ ಅಂದ್ರೆ ಹೇಳಮ್ಮ. ಹೋಗಿ ತೆಳುವಿಂದು ತರ್ತೀನಿ. ಸ್ವಲ್ಪ ದಿನ ಹಾಗೇ ನಡೆಯುತ್ತೆ.”

ಅಮ್ಮ ಬೆರಳನ್ನು ಸೆರಗಿಗೆ ಒರೆಸಲಿಲ್ಲ. ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದಳು.

“ಹೆಲ್ಮೆಟ್ ತೆಗೆಯೋಕೆ ನೀನು ತಡ ಮಾಡೋದು ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ತೆಗೆದ ಮೇಲೆ ನಿನ್ನ ಮುಖ ನೋಡೋಕಾಗಲ್ಲ ಮಗಾ. ನೀನು ಬಂದಿದ್ದೇ ತಪ್ಪು ಅನ್ನೋ ಥರ ನಿಂತಿರ್ತೀಯ.” ಡಬ್ಬಿಯ ಕಡೆ ಕೈ ತೋರಿಸಿ ಅಂದಳು: “ಸುರಿ.”

ಹೊಸ ಆಯಿಲ್ ಜೇನಿನ ಬಣ್ಣದ್ದು, ನಿಧಾನದ್ದು. ಕಡ್ಡಿಯಿಂದ ಅಳೆದು ನೋಡಿ, ಎಂಜಿನ್ ಚಾಲೂ ಮಾಡಿದ. ಮೊದಲೆರಡು ಉಸಿರಿಗೆ ಹಳೆಯ ಕಟಕಟ ಕೇಳಿಸಿತು. ಅಮ್ಮನ ಕತ್ತು ಗೇಟಿನ ಕಡೆ ಹೊರಳಿತು. ಆಮೇಲೆ ಅದು ದೂರ ಹೋದವರ ಮಾತಿನಂತೆ ತಗ್ಗಿ ತಗ್ಗಿ, ತುಂಬು ಗಂಟಲಿನ ಮೆತ್ತನೆಯ ಸದ್ದೊಂದು ಉಳಿಯಿತು. ಯಾರದೂ ಅಲ್ಲದ ಸದ್ದು.

“ಒಂದು ಸುತ್ತು ಹೋಗಿ ಬಾ,” ಎಂದಳು ಅಮ್ಮ. “ನಿನ್ನ ಸದ್ದು ನಂಗಿನ್ನೂ ಗೊತ್ತಿಲ್ಲ.”

ಅವನು ಹೆಲ್ಮೆಟ್ ಹಾಕಿಕೊಳ್ಳಲಿಲ್ಲ. ಹಿಂದಿನ ಬೀದಿ ಬಳಸಿ ಬರುವಾಗ, ಈಗಿನ್ನೂ ಯಾರೋ ಹಿಂದೆ ಹತ್ತಿ ಕೂತಂತೆ ಬೆನ್ನು ಒಂದು ಗಳಿಗೆ ಬಿಸಿಯಾಯಿತು, ತಿರುಗಿ ನೋಡಲಿಲ್ಲ. ತಿರುವು ದಾಟಿದ. ಅಮ್ಮ ಬೀದಿಗೇ ಬಂದು ಕಣ್ಣು ಮುಚ್ಚಿ ನಿಂತಿದ್ದಳು. ಹತ್ತಿರ ಬಂದು ಎಂಜಿನ್ ಆರಿಸಿದ. ಅಮ್ಮ ಕಣ್ಣು ತೆರೆಯಲಿಲ್ಲ. ಇರು ಎನ್ನುವಂತೆ ಕೈ ಮಾತ್ರ ಮೇಲೆತ್ತಿದಳು. ಬೀದಿಯಲ್ಲಿ ಬೇರೆ ಸದ್ದಿರಲಿಲ್ಲ. ಕಾದ ಎಂಜಿನ್ ತಣಿಯುತ್ತ, ಬಿಟ್ಟು ಬಿಟ್ಟು ಟಿಕ್ ಟಿಕ್ ಎನ್ನುತ್ತಿತ್ತು. ಅವಳು ಅದನ್ನೂ ಕೇಳಿಸಿಕೊಳ್ಳುತ್ತಿದ್ದಳು.